ಒಂದೇ ಬಾಲದ ಅಂಜಿಕೆ

ಮಳೆ ಬಂದು ಶಾಮಿಯಾನಾ ಕುಸಿಯಬಹುದಿತ್ತು. ಮಳೆ ಬಾರದೆ ಬರೇ ಗಾಳಿ ಬಂದು, ರೋಣದ ಎರೆಮಣ್ಣಿನ ಧೂಳೆಲ್ಲ ಹುಗ್ಗಿಯ ಕೊಪ್ಪರಿಗೆಯಲ್ಲಿ ಇಳಿಯಬಹುದಿತ್ತು. ಅಡಿಗೆಯ ಗ್ಯಾಸು ಅರ್ಧಕ್ಕೆ ಮುಗಿಯಬಹುದಿತ್ತು. ಜನ ಉಂಡು ಕೈ ತೊಳೆಯಲು ಎದ್ದ ಹೊತ್ತಿಗೇ ಹೊಸ ಬೋರಿನ ಮೋಟರು ಸುಡಬಹುದಿತ್ತು. ಮೊದಲು ಒಳಗೆ ಹೊಗಿಸಬೇಕೆಂದು ತಂದ ಆಕಳು ಹೊಸ್ತಿಲಲ್ಲಿ ನಿಂತು, ಗೋಡೆ ನೋಡಿ, ನನ್ನ ಮುಖ ನೋಡಿ, ಬಂದ ದಾರಿಯಲ್ಲೇ ತಿರುಗಬಹುದಿತ್ತು. ಪೂಜೆಯ ಅಯ್ಯನವರು ನರೇಗಲ್ಲಿನ ಇನ್ನೊಂದು ಶಾಂತಿ ಮುಗಿಸಿಕೊಂಡೇ ಬರುತ್ತೇನೆಂದು ಮಧ್ಯಾಹ್ನ ಮಾಡಬಹುದಿತ್ತು. ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಎರಡನೇ ಸಾಲಿಗೆ ಬಿತ್ತೆಂದು ನನ್ನ ಹೆಂಡತಿಯ ದೊಡ್ಡಪ್ಪ ಉಣ್ಣದೆ ಎದ್ದು ಹೋಗಬಹುದಿತ್ತು. ಅವರನ್ನು ಮೊದಲ ಸಾಲಿಗೆ ಹಾಕಿದ್ದರೆ ನನ್ನ ದೊಡ್ಡಪ್ಪ ಎದ್ದು ಹೋಗಬಹುದಿತ್ತು. ಇವೆಲ್ಲಕ್ಕಿಂತ ಮೇಲಿನದು, ಬಂದ ಮಂದಿಗೆ ಅನ್ನ ಸಾಲದೇ ಹೋಗಬಹುದಿತ್ತು. ಅದರ ಪಕ್ಕದ್ದು, ಮಂದಿ ಬಾರದೆ ಅನ್ನ ಉಳಿದು ಹಳಸಬಹುದಿತ್ತು.

ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಇನ್ನೂ ಮೂರು ವಾರ ಇದ್ದಾಗ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ನಾನು ಇಷ್ಟನ್ನೂ ಒಬ್ಬರ ಮುಂದೆ ಹೇಳಿದೆ. ಅವರು ಪೂರಾ ಕೇಳಿ, ಚಹದ ಕಪ್ಪು ಕೆಳಗಿಟ್ಟು, "ಸರ, ಇದರಾಗ ಅಂಜೂದು ಯಾವುದಕ್ಕ ಅಂತ ಮೊದಲ ಒಂದ ಆರಿಸ್ಕೋರಿ" ಅಂದರು.

ಅವರು ನಮ್ಮಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಅಕ್ಕೋರು. ಆ ಮಾತಿಗೆ ಎರಡು ವರ್ಷವಾಯಿತು. ಮೊನ್ನೆ ಅಕ್ಕೋರು ನಿವೃತ್ತರಾಗಿ ನರಗುಂದಕ್ಕೆ, ತಂಗಿಯ ಮನೆಯ ಓಣಿಗೆ ಹೋದರು. ಬೀಳ್ಕೊಡುಗೆಯ ದಿನ, ಕನ್ನಡ ಕಲಿಸುತ್ತಾನೆ ಎಂಬ ಒಂದೇ ತಪ್ಪಿಗೆ ನನ್ನನ್ನು ಮಾತಾಡಲು ನಿಲ್ಲಿಸಿದರು. ನಾನು "ಸರಳತೆ ಮತ್ತು ಸಜ್ಜನಿಕೆಯ ಸಾಕಾರಮೂರ್ತಿ" ಅಂದೆ. ಸಭೆಯಲ್ಲಿ ಎಲ್ಲರೂ ಗಂಭೀರವಾಗಿ ತಲೆ ಆಡಿಸಿದರು. ನಕ್ಕವರು ಅಕ್ಕೋರು ಒಬ್ಬರೇ. ಆ ಮಾಲೆಯಂಥ ಮಾತನ್ನು ಯಾರ ಕೊರಳಿಗೂ ಹಾಕಬಹುದಿತ್ತು, ನಮ್ಮ ಪ್ರಿನ್ಸಿಪಾಲರ ಕೊರಳಿಗೆ ಸಹ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ, ಇದರಲ್ಲಿ ನೂರಕ್ಕೆ ಎಷ್ಟು ಖರೇ ಅಂತ ಪರೀಕ್ಷೆ ಹಚ್ಚಿಯಾರು.

ಪರೀಕ್ಷೆ ಹಚ್ಚುವುದು ಅವರ ಸ್ವಭಾವ. ನಾವು ಯಾರಾದರೂ "ನೂರಕ್ಕೆ ತೊಂಬತ್ತು" ಅಂತ ಶುರು ಮಾಡಿದರೆ ಸಾಕು, ಅವರ ಕೈ ಸೀಮೆಸುಣ್ಣ ಹುಡುಕುತ್ತಿತ್ತು. ನಮ್ಮ ಸೀಮೆಯಲ್ಲಿ ಮಾತಿಗೆ ತೊಂಬತ್ತಕ್ಕಿಂತ ಕಡಿಮೆ ಯಾರೂ ಹೇಳುವುದಿಲ್ಲ. ನೂರಕ್ಕೆ ತೊಂಬತ್ತು ಮಂದಿ ಹಂಗ ರೀ, ತೊಂಬತ್ತು ಕಡ್ಲಿ ಟೊಳ್ಳು ರೀ, ತೊಂಬತ್ತು ಅಳಿಯಂದಿರು ಕುಡುಕರು ರೀ. ಎಣಿಸಿ ನೋಡಿದವನು ಯಾರೂ ಇಲ್ಲ. ಒಮ್ಮೆ ಪ್ರಿನ್ಸಿಪಾಲರು, ನಮ್ಮಲ್ಲಿ ನೂರಕ್ಕೆ ತೊಂಬತ್ತು ಹುಡುಗರು ದಿನಾ ತರಗತಿಗೆ ಬರುತ್ತಾರೆ ಅಂತ ಅತಿಥಿಗಳ ಮುಂದೆ ಹೇಳಿದರು. ಅಕ್ಕೋರು ಎದ್ದು ನಿಂತು ಬಹಳ ವಿನಯದಿಂದ, "ಸರ, ತೊಂಬತ್ತಕ್ಕಿಂತ ಕಮ್ಮಿ ಅಂತ ಸಂಶೇ ಪಡೂದೋ, ಹೆಚ್ಚಂತ ಸಂಶೇ ಪಡೂದೋ" ಅಂದರು. ಪ್ರಿನ್ಸಿಪಾಲರು, "ಸಂಶೇನ ಬ್ಯಾಡ ಬಿಡ್ರಿ ಮೇಡಂ" ಅಂದರು. ಆಡಳಿತ ಅಂದರೆ ಏನು ಅಂತ ಅವತ್ತು ನನಗೆ ತಿಳಿಯಿತು.

ಅಕ್ಕೋರ ತವರು ಗಜೇಂದ್ರಗಡ, ನೇಕಾರರ ಮನೆ. ಉಡುತ್ತಿದ್ದ ಸೀರೆಗಳೆಲ್ಲ ಅಣ್ಣನ ಮಗ್ಗದವೇ, ಸೆರಗಿನಲ್ಲಿ ಮಾತ್ರ ಯಾವತ್ತೂ ಸೀಮೆಸುಣ್ಣದ ಬಿಳಿ ಬೆರಳು ಮೂಡಿರುತ್ತಿದ್ದವು. ಅವರ ವಿಷಯವೆಲ್ಲ ಒಂದು ಗುಡ್ಡದ ಚಿತ್ರದಲ್ಲಿ ಮುಗಿಯುತ್ತಿತ್ತು. ಹಲಗೆಯ ಮೇಲೆ ಒಂದು ಉಬ್ಬು, ಎರಡೂ ಕಡೆ ನೆಲಕ್ಕೆ ಇಳಿಯುವ ಸಪೂರ ಬಾಲ. "ಇದು ನರಗುಂದದ ಗುಡ್ಡ. ನಮ್ಮ ಗಜೇಂದ್ರಗಡದ್ದು ಬ್ಯಾಡ, ಅದು ಮ್ಯಾಲೆ ಸಪಾಟ, ಅದಕ್ಕ ಸರಾಸರಿ ಅಂದ್ರ ಏನಂತ ಗೊತ್ತಿಲ್ಲ" ಅನ್ನುತ್ತಿದ್ದರು. ಆಮೇಲೆ ಸೀಮೆಸುಣ್ಣ ಅಡ್ಡ ಹಿಡಿದು ಒಂದು ಬದಿಯ ಬಾಲದ ತುದಿಯನ್ನು ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು. "ಯಾರರ ಒಂದ ಮಾತ ಹೇಳ್ಯಾರ ಅಂತ ತಿಳ್ಕೋ. ಆ ಮಾತು ಖರೇ ಇದ್ರ, ನಾವ ಎಣಿಸಿದ್ದು ಗುಡ್ಡದ ನೆತ್ತಿ ಹತ್ರ ಎಲ್ಲೋ ಬೀಳಬೇಕು. ಇಷ್ಟ ದೂರ, ಈ ಬಾಲದಾಗ ಬಿತ್ತಂದ್ರ ಆ ಮಾತ ಬಿಟ್ಟಬಿಡು." ಹುಡುಗರು ಅವರನ್ನು ಹಿಂದಿನಿಂದ ಬಾಲದ ಅಕ್ಕೋರು ಅನ್ನುತ್ತಿದ್ದರು. ಅವರಿಗೆ ಗೊತ್ತಿತ್ತು. "ಹಿಂದಿಂದನ ಅಂತಾರ, ಬಾಲ ಇರೂದೂ ಅಲ್ಲೇ" ಅಂತಿದ್ದರು.

ಬಾಲದ ತುದಿಯನ್ನು ಎಲ್ಲಿಂದ ಬೆಳ್ಳಗೆ ಮಾಡಬೇಕು ಅನ್ನುವುದಕ್ಕೆ ಅವರು ಅಪ್ಪನ ಉದಾಹರಣೆ ಕೊಡುತ್ತಿದ್ದರು. ಸೀರೆ ಮಗ್ಗದಿಂದ ಇಳಿಯುವ ಮುಂಚೆಯೇ ಅಪ್ಪ ಸಾಹುಕಾರನ ಜೊತೆ ಕರಾರು ಮಾಡುತ್ತಿದ್ದನಂತೆ, ಎಷ್ಟು ಎಳೆ ತಪ್ಪಿದರೆ ವಾಪಸು, ಎಷ್ಟು ತಪ್ಪಿದರೆ ಮಾಫು ಅಂತ. "ಸೀರಿ ನೋಡಿದ ಮ್ಯಾಲೆ ಕರಾರ ಮಾಡಿದ್ರ ಅದು ಕರಾರಲ್ಲ, ಜಗಳ" ಅನ್ನುತ್ತಿದ್ದರು. ಅವರ ಕರಾರು ನೂರಕ್ಕೆ ಐದು. ಅಂದರೆ ಖರೇ ಹೇಳಿದ ನೂರು ಮಂದಿಯಲ್ಲಿ ಐವರನ್ನು ಸುಳ್ಳರು ಅನ್ನುವಷ್ಟು ತಪ್ಪಿಗೆ ತಮಗೆ ಹಕ್ಕಿದೆ ಅಂತ ಅವರು ನಂಬಿದ್ದರು. ನಮ್ಮ ಮನೆಯಲ್ಲಿ ನನಗೆ ಅಷ್ಟು ಹಕ್ಕು ಇನ್ನೂ ಮಂಜೂರಾಗಿಲ್ಲ.

ಅವರ ಜೊತೆ ಒಮ್ಮೆ ಗಜೇಂದ್ರಗಡಕ್ಕೆ ಪರೀಕ್ಷಾ ಕೆಲಸಕ್ಕೆ ಹೋಗುವುದಿತ್ತು. ದಿನಾ ಸಂಜೆ ವಾಪಸು ಬಸ್ಸು ಬರುವತನಕ ಒಂದು ಗಾಡಿಯ ಮುಂದೆ ಮಿರ್ಚಿ ತಿನ್ನುವುದು ನಮ್ಮ ಕ್ರಮ. ಗಾಡಿಯವನ ಜಾಹೀರಾತು, "ಹತ್ತರಾಗ ಒಂದ ಖಾರ ಇರಬಹುದ್ರಿ, ಅದಕ್ಕಿಂತ ಹೆಚ್ಚಿಲ್ಲ." ಅಕ್ಕೋರು ಅದನ್ನು ಹಿಡಿದುಕೊಂಡರು. ಸಂಶಯ ಒಂದೇ ಕಡೆಯದು, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಖಾರ ಇದ್ದಾವು ಅಂತ. ಕಡಿಮೆ ಇದ್ದರೆ ಯಾರಿಗೇನು ತ್ರಾಸು. ಪರೀಕ್ಷೆಯ ಕೆಲಸ ಮುಗಿಯುವ ಹೊತ್ತಿಗೆ ಅಕ್ಕೋರು ಇಪ್ಪತ್ತು ಮಿರ್ಚಿ ತಿಂದಿದ್ದರು, ನಾಲ್ಕು ಖಾರ ಹತ್ತಿದ್ದವು. ನಾಲ್ಕನೆಯದು ಕೊನೆಯ ದಿನ ಹತ್ತಿತು. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು, ಕೈಯಲ್ಲಿ ನೀರಿನ ಲೋಟ. ಅಂಥದರಲ್ಲಿ ಪೇಪರಿನ ಮೇಲೆ ಲೆಕ್ಕ ಮಾಡಿ, "ಇವನ ಮಾತು ಬಿಡಾಕ ಬರೂದಿಲ್ರಿ ಸರ" ಅಂದರು.

"ಅಂದ್ರ ಅಂವ ಹೇಳಿದ್ದು ಖರೇ ಅಂತಾತಲ್ರಿ" ಅಂದೆ.

"ಖರೇ ಅಂತ ಯಾರಂದ್ರು? ಸುಳ್ಳ ಅನ್ನಾಕ ಪುರಾವೆ ಸಾಲವಲ್ದು, ಅಷ್ಟ."

"ನಿಮ್ಮ ಕಣ್ಣಾಗಿನ ನೀರು ಪುರಾವೆ ಅಲ್ಲೇನ್ರಿ?"

"ಅದು ನನ್ನ ನಾಲಿಗಿಗೆ ಪುರಾವೆ. ಅವನ ನೂರಾರು ಮಿರ್ಚಿಗೆ ಅಲ್ಲ."

ಗಾಡಿಯವನು ಇದನ್ನೆಲ್ಲ ಕೇಳಿ, ಆಮೇಲೆ ಅಕ್ಕೋರು ತವರಿಗೆ ಬಂದಾಗಲೆಲ್ಲ, ಕಾಲೇಜಿನ ಮೇಡಂನೋರ ಲೆಕ್ಕ ಮಾಡಿ ಪಾಸ್ ಮಾಡ್ಯಾರ ಅಂತ ಗಿರಾಕಿಗಳಿಗೆ ಹೇಳತೊಡಗಿದ. ಅಕ್ಕೋರು ಎಷ್ಟು ಸಲ ತಿದ್ದಿದರೂ ಅವನಿಗೆ ಪಾಸು ಮತ್ತು ನಪಾಸು ಎರಡೇ ಗೊತ್ತಿದ್ದವು. ಅಲ್ಲಿಂದ ಮುಂದೆ ಆ ಮಾತು ಅವರ ಬಾಯಲ್ಲಿ ನಿಂತುಬಿಟ್ಟಿತು. ಸ್ಟಾಫ್ ರೂಮಿಗೆ ಬಂದ ಉಪ್ಪಿಟ್ಟಿಗೂ, ಹೊಸದಾಗಿ ಬಂದ ಅಧ್ಯಾಪಕರಿಗೂ, ನನ್ನ ಒಂದು ಕವಿತೆಗೂ ಅವರು ಹೇಳಿದ್ದು ಒಂದೇ: "ಚಲೋ ಇಲ್ಲ ಅನ್ನಾಕ ಪುರಾವೆ ಸಾಲವಲ್ದು." ಉಪ್ಪಿಟ್ಟಿನವನು ಸಿಟ್ಟಾದ. ನಾನು ಅದನ್ನು ಹೊಗಳಿಕೆ ಅಂತಲೇ ತಿಳಿದು ಇನ್ನೂ ಎರಡು ಕವಿತೆ ತೋರಿಸಿದೆ.

ಇನ್ನು ನನ್ನ ಅನ್ನದ ವಿಷಯ.

ನಮ್ಮಲ್ಲಿ ಮನೆ ಕಟ್ಟಿದವನನ್ನು ಜನ ಮರೆಯುತ್ತಾರೆ. ಊಟಕ್ಕೆ ಕರೆದು ಅನ್ನ ಸಾಲದ ಹಾಗೆ ಮಾಡಿದವನನ್ನು ಮರೆಯುವುದಿಲ್ಲ. ಮುಶಿಗೇರಿಯ ಕಡೆ ನನಗೆ ಗೊತ್ತಿದ್ದ ಒಂದು ಮನೆತನಕ್ಕೆ ಯಾವಾಗಲೋ ಹಾಗಾಗಿತ್ತು. ಈಗಲೂ ಅವರ ಮೊಮ್ಮಕ್ಕಳಿಗೆ ಹೆಣ್ಣು ನೋಡಲು ಹೋದರೆ, "ಎಲಿ ಮುಂದ ಕುಂಡ್ರಿಸಿ ಎಬ್ಬಿಸಿದ್ರಲ್ಲ, ಆ ಮನಿಯವ್ರೇನ್ರಿ" ಅಂತ ಕೇಳುತ್ತಾರೆ. ನನಗೆ ಇನ್ನೂ ಮೊಮ್ಮಕ್ಕಳಿಲ್ಲ. ಅವರ ಹೆಸರು ಕೆಡದಂತೆ ನೋಡಿಕೊಳ್ಳುವ ಚಿಂತೆ ಮಾತ್ರ ಆಗಲೇ ಶುರುವಾಗಿತ್ತು.

ಅಡಿಗೆಗೆ ಹೇಳಿದ್ದು ಊರಿಗೆಲ್ಲ ಕಾಕಾ ಆಗಿರುವ ಒಬ್ಬರಿಗೆ. ರೋಣದ ಸುತ್ತ ಅವರ ಹುಗ್ಗಿ ಉಣ್ಣದವರಿಲ್ಲ, ಅವರ ಬೈಗಳ ತಿನ್ನದವರೂ ಇಲ್ಲ. ಕಾಕಾನ ಸೂತ್ರ ಸರಳ. "ನೂರ ಪತ್ರಿಕಿ ಹಂಚಿದ್ರ ಅರವತ್ ಮನಿ ಬರ್ತಾವ್ರಿ. ಮನಿಗೆ ಮೂರ ಎಲಿ. ಕಣ್ಣ ಮುಚ್ಚಿ ಅಕ್ಕಿ ಅಳೀರಿ."

"ಅರವತ್ತಕ್ಕಿಂತ ಹೆಚ್ಚು ಬಂದ್ರ ಕಾಕಾ?"

"ಬರೂದಿಲ್ಲ."

"ಬಂದ್ರ?"

"ಸರ, ನಾ ಕೊಪ್ಪರಿಗಿ ಇಳಿಸಿದ ಮನ್ಯಾಗ ಅನ್ನ ಸಾಲಲಿಲ್ಲ ಅಂತ ಯಾರರ ಅಂದದ್ದ ಕೇಳೀರೇನು?"

ಕೇಳಿರಲಿಲ್ಲ. ಹಾಗೆ ಅಂದವರನ್ನು ಕಾಕಾ ಊರಲ್ಲಿ ಉಳಿಸಿದ್ದರೇ ಎಂಬುದು ಬೇರೆ ಪ್ರಶ್ನೆ.

ಈ ಅರವತ್ತನ್ನು ತಂದು ನಾನು ಅಕ್ಕೋರ ಮೇಜಿನ ಮೇಲೆ ಇಟ್ಟೆ. ಅವರು ಮೇಜಿನ ಮೇಲೆಯೇ ನರಗುಂದದ ಗುಡ್ಡ ಬರೆದರು. "ನೆತ್ತೀಗೆ ಕಾಕಾನ ಅರವತ್ತು. ಬಲಕ್ಕ ಹೋದ್ರ ಹೆಚ್ಚ ಮಂದಿ, ಎಡಕ್ಕ ಹೋದ್ರ ಕಮ್ಮಿ ಮಂದಿ. ನಿಮಗ ಯಾವ ಕಡೆ ಅಂಜಿಕಿ?"

"ಎರಡೂ ಕಡೆ."

"ಎರಡೂ ಕಡೆ ಅಂಜಿದ್ರ ಐದರ ಹಕ್ಕ ಎರಡ ಪಾಲ ಆಗ್ತದ. ಬಲಕ್ಕ ಎರಡೂವರಿ, ಎಡಕ್ಕ ಎರಡೂವರಿ. ಯಾವ ಕಡೇನೂ ಗಟ್ಟಿ ಮಾತಾಡಾಕ ಆಗೂದಿಲ್ಲ. ಒಂದ ಹೇಳ್ರಿ."

"ಅನ್ನ ಸಾಲದಿದ್ರ ಮರ್ಯಾದಿ ಹೋಗ್ತದ. ಉಳದ್ರ ರೊಕ್ಕ ಹೋಗ್ತದ."

"ಮರ್ಯಾದಿನೋ, ರೊಕ್ಕಾನೋ?"

ಮನೆಯ ಸಾಲದ ಕಂತು ನೆನೆದರೆ ರೊಕ್ಕ ಅನ್ನಿಸುತ್ತಿತ್ತು, ಮುಶಿಗೇರಿಯ ಮೊಮ್ಮಕ್ಕಳನ್ನು ನೆನೆದರೆ ಮರ್ಯಾದೆ. ಕಡೆಗೆ ಮರ್ಯಾದೆ ಅಂದೆ. ಅಕ್ಕೋರು ಬಲಗಡೆಯ ಬಾಲವನ್ನು ಮಾತ್ರ ಸೀಮೆಸುಣ್ಣದಿಂದ ತುಂಬಿದರು.

"ಹಂಗಾರ ಇವತ್ತಿಂದ ಉಳಿಯೂದರ ಬಗ್ಗೆ ಚಿಂತಿ ಮಾಡೂದು ಬಂದ್. ಮಾಡಿದ್ರ ಪರೀಕ್ಷಾ ಕೆಡ್ತದ."

ವೈದ್ಯರು ಸಕ್ಕರೆ ಬಿಡು ಅಂದಾಗಲೂ ನನಗೆ ಇಷ್ಟು ಕಷ್ಟವಾಗಿರಲಿಲ್ಲ. ಅರ್ಧ ಚಿಂತೆಯಲ್ಲಿ ಬದುಕುವುದು ನನಗೆ ರೂಢಿಯಿಲ್ಲ. ಮನೆಯಲ್ಲಿ ನಾನು ಅಕಸ್ಮಾತ್ ಉಳಿಕೆ ಹುಗ್ಗಿಯ ಮಾತು ತೆಗೆದರೆ, ನನ್ನ ಹೆಂಡತಿ, "ಅದು ಎಡಗಡೆ ಬಾಲ, ಸುಮ್ಮ ಕೂಡ್ರಿ" ಅನ್ನುವಷ್ಟು ಅವಳಿಗೂ ಅಕ್ಕೋರಿಗೂ ಒಪ್ಪಂದವಾಗಿತ್ತು.

ಎಲ್ಲ ಮನೆಗಳಿಗೂ ಹೋಗಿ ಕೇಳುವುದು ಆಗದ ಮಾತು. ಅಕ್ಕೋರು ಪತ್ರಿಕೆ ಹಂಚಿದ ಮನೆಗಳ ಹೆಸರನ್ನೆಲ್ಲ ಚೀಟಿ ಮಾಡಿ, ಡಬ್ಬಿಯಲ್ಲಿ ಹಾಕಿ ಕಲಸಿ, ನಲವತ್ತು ಎತ್ತಿಸಿದರು. ನನ್ನ ಹೆಂಡತಿಯ ತಮ್ಮ ಬೈಕು ಹತ್ತಿ ಆ ನಲವತ್ತು ಮನೆಗೆ ಹೋಗಿ ಬಂದ. "ಮಾಮಾರ, ಚಿಂತಿ ಮಾಡಬ್ಯಾಡ್ರಿ, ನಲವತ್ತಕ್ಕ ನಲವತ್ತೂ ಬರ್ತಾರ" ಅಂದ. ಇಂಥ ಸುದ್ದಿ ತಂದು ಚಿಂತೆ ಬೇಡ ಅನ್ನುವವನನ್ನು ಏನು ಮಾಡಬೇಕು? ನನಗೆ ಬೆವರು ಬಂತು. ಕೊಪ್ಪರಿಗೆ ಇನ್ನೊಂದು, ಗ್ಯಾಸು ಇನ್ನಷ್ಟು, ಶಾಮಿಯಾನಾ ರಸ್ತೆಯತನಕ.

ಅಕ್ಕೋರು ಮಾತ್ರ ಅವನನ್ನು ಎದುರು ಕೂರಿಸಿಕೊಂಡರು. "ನೀ ಏನಂತ ಕೇಳಿದಿಪಾ?"

"ಶಾಂತಿಗೆ ಬರ್ತೀರಲ್ರಿ ಅಂದೆ."

"ಅವರು?"

"ಆತ್ರಿ, ಬರ್ತೀನ್ರಿ ಅಂದ್ರು."

"ಕುಂತು ಅಂದ್ರೋ, ನಡಕೋತ ಅಂದ್ರೋ?"

ಅವನು ತಲೆ ಕೆರೆದುಕೊಂಡ. ಕೆಲವರು ಗಾಡಿ ಚಾಲೂ ಮಾಡುತ್ತ ಅಂದಿದ್ದರು, ಕೆಲವರು ಒಳಗೆ ತಿರುಗುತ್ತ ಅಂದಿದ್ದರು, ಒಬ್ಬರು ಬಾಗಿಲು ಹಾಕಿಕೊಳ್ಳುತ್ತ ಅಂದಿದ್ದರು.

"ಸರ, ನೀವ ಕನ್ನಡದಾವ್ರು, ನೀವ ಹೇಳ್ರಿ" ಅಂದರು ಅಕ್ಕೋರು. "ನಮ್ಮ ಮಂದಿ ಹೊಂಟಾಗ ಏನಂತಾರ?"

ನಾನು ಮೂವತ್ತು ವರ್ಷದ ಹತ್ತಿರ ಕನ್ನಡ ಕಲಿಸಿದವನು. ಹೊಳೆದಿರಲಿಲ್ಲ. ನಮ್ಮಲ್ಲಿ ಹೋಗುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ, ಅದು ಅಶುಭ. ಬರ್ತೀನಿ ಅನ್ನುತ್ತಾರೆ. ಬರುವವರೂ ಬರ್ತೀನಿ ಅನ್ನುತ್ತಾರೆ. ಈ ಹುಡುಗ ನಲವತ್ತು ಮನೆಯಿಂದ ಬರುವ ಮಾತು ಎಷ್ಟು ತಂದಿದ್ದನೋ, ಹೋಗುವ ಮಾತು ಎಷ್ಟು ತಂದಿದ್ದನೋ, ಬಸವಣ್ಣನೇ ಬಲ್ಲ. ಬಾರದಿರುವವನು ಸಹ ಮುಖದ ಮೇಲೆ ಒಲ್ಲೆ ಅನ್ನುವಷ್ಟು ಉದ್ಧಟತನ ನಮ್ಮ ತಾಲೂಕಿನಲ್ಲಿ ಇನ್ನೂ ಬಂದಿಲ್ಲ.

"ಈ ನಲವತ್ತೂ ಕಸದಬುಟ್ಟಿಗೆ" ಅಂದರು ಅಕ್ಕೋರು. "ಮರ್ಯಾದಿಗೆ ಉತ್ತರ ಕೊಡೂವಂಥ ಪ್ರಶ್ನಿ ಕೇಳಬಾರದು."

ಹೊಸದಾಗಿ ನಲವತ್ತು ಚೀಟಿ ಎತ್ತಿದರು. ಈ ಸಲ ಅಕ್ಕೋರು ಸ್ವತಃ, ಸ್ಕೂಟಿಯ ಹಿಂದೆ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಹೊರಟರು. ಶಾಂತಿ ಇದ್ದದ್ದು ಸೋಮವಾರ, ಅದರ ಹೆಸರು ಮಾತ್ರ ಎತ್ತಲಿಲ್ಲ. ಪಡಸಾಲೆಯಲ್ಲಿ ಕೂತು, ನೀರು ಕುಡಿದು, ಹವಾ ಮಾತಾಡಿ, ಕಡೆಗೆ ಒಂದೇ ಪ್ರಶ್ನೆ: "ಬರೂ ಸೋಮವಾರ ಮನ್ಯಾಗ ಅಡಗಿ ಏನ್ರಿ?"

ಬರುವ ಮನೆಯ ಹೆಂಗಸು ತಟ್ಟನೆ, "ಅವತ್ಯಾಕ್ರಿ ಅಡಗಿ, ಇವರ ಮನ್ಯಾಗ ಊಟ ಅಲ್ರಿ" ಅನ್ನುತ್ತಿದ್ದಳು. ಬಾರದ ಮನೆಯವಳು, "ಏನೋ ಒಂದ, ಝುಣಕ ರೊಟ್ಟಿ" ಅಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಸುಳ್ಳು ಹೇಳಬೇಕೆಂದು ನೆನಪಾಗುವ ಮುಂಚೆ ಬಂದ ಉತ್ತರ. ನಮ್ಮ ಹೆಂಗಸರು ಎಲ್ಲದರಲ್ಲೂ ಉಪಚಾರ ಮಾಡಿಯಾರು, ಒಲೆಯ ವಿಷಯದಲ್ಲಿ ಬಾಯಿಗೆ ಖರೇನೇ ಬರುತ್ತದೆ. ನಲವತ್ತರಲ್ಲಿ ಮೂವತ್ತು ಮನೆಗಳಲ್ಲಿ ಅವತ್ತು ಒಲೆ ಹೊತ್ತುವುದಿಲ್ಲ ಅಂತ ತಿಳಿಯಿತು. ಒಂದು ಮನೆಯಲ್ಲಿ ಮಾತ್ರ, "ಯಾವ ವಾರಾರ ಇರಲಿ, ನಾ ಮಾಡಿದ ಅಡಗಿ ನಮ್ಮನಿಯಾವ್ರಿಗೆ ಯಾವತ್ತ ಸೇರೇತಿ" ಅಂತ ಆಕೆ ಸಂಸಾರದ ಕಥೆ ತೆಗೆದಿದ್ದಳಂತೆ. ಅದನ್ನು ಯಾವ ಕಡೆ ಎಣಿಸಬೇಕೆಂದು ಇವರಿಬ್ಬರೂ ದಾರಿಯುದ್ದಕ್ಕೂ ಜಗಳಾಡಿದರು. ಝುಣಕದ ಕಡೆಯೇ ಎಣಿಸಿದರು.

ಅಕ್ಕೋರು ಲೆಕ್ಕ ಮಾಡಿದರು. ಕಾಕಾನ ಮಾತು ಖರೇ ಇದ್ದರೆ ನಲವತ್ತರಲ್ಲಿ ಇಪ್ಪತ್ತನಾಲ್ಕು ಬರಬೇಕು. ನಮಗೆ ಸಿಕ್ಕದ್ದು ಮೂವತ್ತು. ಆ ಮೂವತ್ತು ಹೋಗಿ ಬಲಗಡೆ ಬೆಳ್ಳಗೆ ಮಾಡಿದ ಬಾಲದ ಒಳಗೆ, ಹೊಸ್ತಿಲು ದಾಟಿ ಒಂದು ಹೆಜ್ಜೆಯಷ್ಟೇ ಒಳಗೆ ಬಿತ್ತು.

"ಕಾಕಾನ ಅರವತ್ತು ಬಿಡಬೇಕ್ರಿ ಸರ. ಹೆಚ್ಚ ಬರ್ತಾರ. ನೂರಕ್ಕ ಎಂಬತ್ತರ ಲೆಕ್ಕ ಹಿಡೀರಿ, ಸುರಕ್ಷಿತ." ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಅಂದರು, "ಒಂದ ಮಾತ್ರಿ. ನೀವ ಅವತ್ತ ಎರಡೂ ಕಡೆ ಅಂಜಿದ್ರ, ಇದ ಮೂವತ್ತು ಸಾಲ್ತಿರಲಿಲ್ಲ. ಹೊಸ್ತಿಲ ಹೊರಗ ಉಳೀತಿತ್ತು. ಒಂದ ಕಡೆ ಅಂಜಿದ್ರಿ, ಅದಕ್ಕ ಉತ್ತರ ಸಿಕ್ತು."

ನನ್ನ ಇಡೀ ಜೀವನದ ಬಗ್ಗೆ ಇಷ್ಟು ಕೆಟ್ಟದಾಗಿ, ಇಷ್ಟು ಮೃದುವಾಗಿ ಯಾರೂ ಹೇಳಿರಲಿಲ್ಲ. ಎರಡೂ ಕಡೆ ಅಂಜುತ್ತ ಕೂತಿದ್ದಕ್ಕೆ ನಾನು ಮಾಡದೆ ಬಿಟ್ಟ ಕೆಲಸಗಳು ಒಂದೊಂದೇ ನೆನಪಾದವು. ಬೆಂಗಳೂರಿಗೆ ಕರೆದಾಗ ಹೋಗಲಿಲ್ಲ, ಅಲ್ಲಿ ಸೋತೇನೆಂದು, ಗೆದ್ದರೆ ಅಲ್ಲಿಯೇ ಇರಬೇಕಾದೀತೆಂದು. ಮೊದಲ ಸಂಕಲನ ಅಚ್ಚಿಗೆ ಕೊಡಲಿಲ್ಲ, ಯಾರೂ ಓದಲಿಕ್ಕಿಲ್ಲವೆಂದು, ಓದಿಬಿಟ್ಟಾರೆಂದು. ಎರಡೂ ಬಾಲ ಹಿಡಿದ ಮೇಲೆ ಎತ್ತು ಎತ್ತ ಹೋದೀತು? ಅಕ್ಕೋರು ತೀರ್ಪು ಕೊಟ್ಟು ಆಗಲೇ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವರದು ಅದೇ ಅಭ್ಯಾಸ. ಮನುಷ್ಯನನ್ನು ಇಬ್ಭಾಗ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಮುಂದಿನ ಕೆಲಸ.

ಕಾಕಾಗೆ ಈ ತೀರ್ಪನ್ನು ತಿಳಿಸಬೇಕಾಯಿತು. ನಾನು ತಿಳಿಸುತ್ತೇನೆಂದು ಹೊರಟು, ಅವರ ಮನೆಯ ಮುಂದೆ ಎರಡು ಸಲ ಸುಳಿದಾಡಿ ವಾಪಸು ಬಂದೆ. ಕಡೆಗೆ ಅಕ್ಕೋರೇ ಹೇಳಿದರು, ನಮ್ಮ ಹೊಸ ಮನೆಯ ಅಂಗಳದಲ್ಲಿ, ಕಾಕಾ ಒಲೆಗೆ ಜಾಗ ಗುರುತು ಮಾಡುತ್ತಿದ್ದಾಗ.

"ಕಾಕಾರ, ನಿಮ್ಮ ಅರವತ್ತು ನಿಲ್ಲವಲ್ದು. ಎಂಬತ್ತಕ್ಕ ಮಾಡ್ರಿ."

ಕಾಕಾ ಸೊಂಟದ ಮೇಲೆ ಕೈ ಇಟ್ಟರು. "ಯಾರ ಹೇಳ್ಯಾರ?"

"ನಲವತ್ತ ಮನಿ ಒಲಿ ಹೇಳ್ಯಾವ."

"ನನ್ನ ಕೊಪ್ಪರಿಗಿ ನಿಮ್ಮ ವಯಸ್ಸಿಗಿಂತ ಹಿರೇದು, ಅಕ್ಕೋರ."

"ಅದರ ವಯಸ್ಸ ಪರೀಕ್ಷಾ ಮಾಡಿಲ್ರಿ, ನಿಮ್ಮ ಮಾತ ಮಾಡೇನಿ."

"ನಿಮ್ಮ ಲೆಕ್ಕದಾಗ ಉಪ್ಪ ಎಷ್ಟ ಹಾಕ್ತೀರಿ?"

"ನೂರಕ್ಕ ಐದು."

ಕಾಕಾ ಅವರನ್ನೂ ನನ್ನನ್ನೂ ನೋಡಿದರು. ನಾನು ತೆಂಗಿನ ಸಸಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. "ಆತ್ರಿ" ಅಂದರು ಕಾಕಾ, ಎಂದೂ ಕೇಳದ ತಣ್ಣಗಿನ ದನಿಯಲ್ಲಿ. "ನೀವ ಎಷ್ಟ ಅಂತೀರಿ ಅಷ್ಟಕ್ಕ ಮಾಡ್ತೀನಿ. ಒಂದ ಕಾಳ ಹೆಚ್ಚಿಲ್ಲ, ಒಂದ ಕಾಳ ಕಮ್ಮಿಲ್ಲ." ಇಷ್ಟು ಬೇಗ ಒಪ್ಪಿದ್ದಕ್ಕೆ ನಾನು ಆ ರಾತ್ರಿ ಬೇರೆ ಚಿಂತೆ ಮಾಡಬೇಕಿತ್ತು. ಆದರೆ ಉಳಿಕೆಯ ಚಿಂತೆ ಬಿಟ್ಟ ಸುಖದಲ್ಲಿ ನಾನು ಮಲಗಿ ನಿದ್ದೆ ಮಾಡಿದೆ. ಅಭ್ಯಾಸ ತಪ್ಪಿದರೆ ಹೀಗೆಯೇ.

ಸೋಮವಾರ ಬಂತು. ಮಳೆ ಬರಲಿಲ್ಲ. ಆಕಳು ಹೊಸ್ತಿಲು ದಾಟಿತು, ದಾಟಿ ಮಾಡಬೇಕಾದದ್ದನ್ನು ಪಡಸಾಲೆಯಲ್ಲೇ ಮಾಡಿತು, ಎಲ್ಲರೂ ಶುಭ ಅಂದರು. ಅಯ್ಯನವರು ಹೊತ್ತಿಗೆ ಬಂದರು. ಇಬ್ಬರೂ ದೊಡ್ಡಪ್ಪಂದಿರು ಪತ್ರಿಕೆ ಓದಿರಲೇ ಇಲ್ಲ. ಅಕ್ಕೋರು ಬೆಳಗಿನಿಂದ ಅಡಿಗೆ ಚಪ್ಪರದ ಬದಿಗೆ ಒಂದು ಕುರ್ಚಿ ಹಾಕಿಕೊಂಡು ಪಂಕ್ತಿ ಎಣಿಸುತ್ತ ಕೂತರು. ಮೊದಲ ಪಂಕ್ತಿ ತುಂಬಿತು, ಎರಡನೆಯದು ತುಂಬಿತು, ಮೂರನೆಯದಕ್ಕೆ ಜನ ಉಣ್ಣುವವರ ಬೆನ್ನ ಹಿಂದೆಯೇ ಬಂದು ನಿಂತರು. ಗೋಧಿ ಹುಗ್ಗಿ, ಬದನೆಕಾಯಿ ಎಣಗಾಯಿ, ಅನ್ನ, ಸಾರು. ನಾನು ಪ್ರತಿ ಪಂಕ್ತಿಗೂ ಕೊಪ್ಪರಿಗೆ ಇಣುಕಿ ನೋಡುತ್ತಿದ್ದೆ, ಕಾಕಾ ನನ್ನನ್ನು ಸೌಟಿನಿಂದ ದೂರ ಸರಿಸುತ್ತಿದ್ದರು. ಅರವತ್ತರ ಲೆಕ್ಕ ಮೂರನೇ ಪಂಕ್ತಿಗೇ ದಾಟಿಹೋಗಿತ್ತು. ಅರವತ್ತಕ್ಕೇ ಮಾಡಿದ್ದರೆ ಅಷ್ಟೊತ್ತಿಗೆ ನನ್ನ ಮೊಮ್ಮಕ್ಕಳ ಹೆಸರು ಕೆಟ್ಟಿರುತ್ತಿತ್ತು.

ಕಡೆಯ ಪಂಕ್ತಿ ಎದ್ದಾಗ ಅಕ್ಕೋರು ಕಾಕಾನ ಕಡೆ ನೋಡಿ, "ಹೆಂಗ್ರಿ ಕಾಕಾರ?" ಅಂದರು. ಸ್ವಲ್ಪ ಸೊಕ್ಕಿತ್ತು ದನಿಯಲ್ಲಿ, ಇಲ್ಲ ಅನ್ನುವುದಿಲ್ಲ.

"ಬರದ ಏನ ಮಾಡ್ತಾರ್ರಿ" ಅಂದರು ಕಾಕಾ. "ಪತ್ರಿಕಿ ಕೊಟ್ಟದ್ದು ಒಂದ ಕರೆ. ಮ್ಯಾಲೆ ನೀವ ಮನಿಮನಿಗೆ ಹೋಗಿ ಅಡಗಿ ಏನ್ರಿ ಅಂತ ಕೇಳಿದ್ರಿ. ಎರಡ ಸಲ ಕರದಂಗಾತು. ಎರಡನೇ ಕರೆ ಬಂದ ಮ್ಯಾಲೆ ಝುಣಕ ತಿಂದು ಮನ್ಯಾಗ ಕೂಡ್ರಾವ್ರು ಯಾರದಾರ? ನನ್ನ ಅರವತ್ತ ಕೆಡಿಸಿದಾವ್ರ ನೀವು."

ನಾನು ಅಕ್ಕೋರ ಮುಖ ನೋಡಿದೆ. ಅವರು ಸಿಟ್ಟಾಗಲಿಲ್ಲ, ಯೋಚನೆಗೆ ಬಿದ್ದರು. ಕೇಳಿದ್ದಕ್ಕೇ ಬಂದರೋ, ಬರುವವರನ್ನೇ ಕೇಳಿದ್ದೋ. "ಇದನ್ನ ತಿಳೀಬೇಕಂದ್ರ ನೀವ ಇನ್ನೊಂದ ಮನಿ ಕಟ್ಟಬೇಕ್ರಿ ಸರ" ಅಂದರು. "ಆವಾಗ ಯಾರನ್ನೂ ಏನೂ ಕೇಳಬಾರದು." ಬ್ಯಾಂಕಿನವರು ಇದನ್ನು ಕೇಳಿಸಿಕೊಳ್ಳಲಿಲ್ಲವಲ್ಲ ಅಂತ ನಾನು ಸಮಾಧಾನ ಪಟ್ಟೆ.

ಅಂತೂ ಬಂದವರೆಲ್ಲ ಉಂಡಿದ್ದರು, ಯಾರೂ ಎಲೆ ಮುಂದಿಂದ ಎದ್ದು ಹೋಗಿರಲಿಲ್ಲ. ಎಲೆ ಅಡಿಕೆ ಬಾಯಲ್ಲಿ ಹಾಕಿಕೊಂಡು ಹೊಗಳುತ್ತ ಹೋಗಿದ್ದರು. ನನ್ನ ಮೈಯ ಗಂಟೆಲ್ಲ ಸಡಿಲಾಯಿತು. ಆಗ ಹಸಿವು ಗೊತ್ತಾಯಿತು. ನಸುಕಿನಿಂದ ನೀರು ಬಿಟ್ಟರೆ ಏನೂ ಇಲ್ಲ. ನಾನು, ನನ್ನ ಹೆಂಡತಿ, ಅವಳ ತಮ್ಮ, ಹಿಂದಿನ ದಿನದಿಂದ ಮನೆಯಲ್ಲೇ ಇದ್ದು ದುಡಿದ ಎರಡೂ ಕಡೆಯ ನೆಂಟರು, ಎಣಿಕೆ ಮುಗಿಸಿದ ಅಕ್ಕೋರು, ಎಲ್ಲ ಹೊಸ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಪತ್ರಾವಳಿ ಹಾಸಿದರು, ನೀರು ಚಿಮುಕಿಸಿಕೊಂಡೆವು.

"ಬಡಸ್ರಿ ಕಾಕಾ" ಅಂದೆ.

"ಏನ ಬಡಸ್ಲಿ ಸರ?" ಅಂದರು ಕಾಕಾ. ಕೈಯಲ್ಲಿ ಸೌಟು ಇತ್ತು, ಒಣಗಿತ್ತು. ಹಿಂದೆ ಅಂಗಳದಲ್ಲಿ ಕೊಪ್ಪರಿಗೆಗಳನ್ನು ಆಗಲೇ ಬೋರಲು ಹಾಕಿದ್ದರು.

"ನಮಗ ಇಲ್ಲೇನ್ರಿ?"

"ಪತ್ರಿಕಿ ನೂರಕ್ಕ ಎಂಬತ್ತು ಅಂದ್ರಿ. ಎಂಬತ್ತಕ್ಕ ಮಾಡೇನಿ, ಎಂಬತ್ತ ಉಂಡ ಹೋಗ್ಯಾವ." ಕಾಕಾ ಬಹಳ ಸಾವಧಾನವಾಗಿ ಹೇಳಿದರು, ಚಿಕ್ಕ ಮಕ್ಕಳಿಗೆ ಪಾಠ ಹೇಳಿದ ಹಾಗೆ. "ನಾ ನನ್ನ ಅರವತ್ತ ಹಿಡದಾಗ ಮನಿಮಂದೀಗೆ ಅಂತ ಕೈ ಅಂದಾಜಿನಾಗ ಮ್ಯಾಲೊಂದಿಷ್ಟ ಸುರೀತಿದ್ದೆ. ಇದು ಅಕ್ಕೋರ ಲೆಕ್ಕ. ಲೆಕ್ಕದಾಗ ಕೈ ಹಾಕೂದು ಚಲೋ ಅಲ್ಲಂತ ಬಿಟ್ಟೆ."

ಅಕ್ಕೋರು ತಮ್ಮ ಮುಂದಿನ ಖಾಲಿ ಎಲೆಯನ್ನು ನೋಡಿದರು. ಆಮೇಲೆ ಉಂಡವರು ಮಡಚುವ ಹಾಗೆಯೇ ಅದನ್ನು ತಮ್ಮ ಕಡೆಗೆ ಅಚ್ಚುಕಟ್ಟಾಗಿ ಮಡಚಿ, ನನ್ನ ಕಡೆ ತಿರುಗಿದರು.

"ಸರ, ನಿಮ್ಮ ಮನಿಗೆ ನೀವ ಪತ್ರಿಕಿ ಕೊಟ್ಟಿದ್ರೇನ್ರಿ?"

ಕೊಟ್ಟಿರಲಿಲ್ಲ.